ಕಾನ್ವೆಂಟ್ ಶಾಲೆಯ ಅಪ್ಪ ಅಮ್ಮಂದಿರಿಗೆ: ಯಾವ ತೊಂದರೆಗೆ ಯಾರ ಬಾಗಿಲು ತಟ್ಟಬೇಕು?

ಮಂಗಳೂರು, ಮೈಸೂರು, ಹಾಸನ, ಶಿವಮೊಗ್ಗ, ಬೆಂಗಳೂರು, ಎಲ್ಲಿಗೆ ಹೋದರೂ ಜನರ ಬಾಯಲ್ಲಿ 'ಕಾನ್ವೆಂಟ್' ಅಂತ ಹೆಸರಾದ ಒಂದು ಶಾಲೆ ಇದ್ದೇ ಇರುತ್ತದೆ. ಕಥೊಲಿಕ ಫಾದರ್‌ಗಳೋ ಸಿಸ್ಟರ್‌ಗಳೋ ನಡೆಸುವ ಶಾಲೆ. ಅಲ್ಲಿ ಓದುವವರಲ್ಲಿ ಕ್ರೈಸ್ತರಲ್ಲದ ಮನೆಯ ಮಕ್ಕಳೂ ಬಹಳ. ಶಿಸ್ತು ಇದೆ, ಇಂಗ್ಲಿಷ್ ಬರುತ್ತದೆ ಅಂತ ನಂಬಿ ಸೇರಿಸುತ್ತೇವೆ. ಆಮೇಲೆ ಏನಾದರೂ ತೊಂದರೆ ಬಂದಾಗ ಮಾತ್ರ ಯಾರನ್ನು ಕೇಳಬೇಕು ಅಂತ ಗೊತ್ತಾಗುವುದಿಲ್ಲ. 'ಫಾದರ್ ಹತ್ರ ಹೇಗೆ ಹೇಳೋದು', 'ಸಿಸ್ಟರ್ ಬೇಜಾರು ಮಾಡ್ಕೊಂಡ್ರೆ' ಅಂತ ಸುಮ್ಮನಾಗುವವರೇ ಜಾಸ್ತಿ.

ಸಹಾಯಕ್ಕೆ ಕೊರತೆಯಿಲ್ಲ. ಡೈರಿ ಇದೆ, ಪಿ.ಟಿ.ಎ. (ಪೋಷಕರ ಮತ್ತು ಶಿಕ್ಷಕರ ಸಂಘ) ಇದೆ, ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಇದೆ, ಮಕ್ಕಳ ಸಹಾಯವಾಣಿ 1098 ಇದೆ, ಬಿಷಪರ ಕಚೇರಿ ಇದೆ, ಉಚಿತ ಆ್ಯಪ್‌ಗಳಿವೆ. ಯಾವುದಕ್ಕೆ ಯಾವುದು ಅನ್ನುವುದೇ ಪ್ರಶ್ನೆ. ನನ್ನ ಪ್ರಕಾರ ಮೊದಲು ಮಾಡಬೇಕಾದ ವಿಂಗಡಣೆ ಒಂದೇ. ಪಾಠ, ಮಾರ್ಕ್ಸು, ಫೀಸಿನ ವಿಷಯವಾದರೆ ಶಾಲೆಯ ಒಳಗಿನಿಂದ ಶುರು ಮಾಡಿ. ಮಗುವಿನ ಮೈ ಮುಟ್ಟಿದ ವಿಷಯವಾದರೆ ಹೊರಗಿನಿಂದ ಶುರು ಮಾಡಿ. ಇವೆರಡು ಅದಲು ಬದಲಾದಾಗಲೇ ಅನಾಹುತ ಆಗುವುದು.

ಮೊದಲು, ಇದು ಯಾರ ಶಾಲೆ?

ಹೊರಗಿನಿಂದ ನೋಡಿದರೆ ಎಲ್ಲವೂ 'ಚರ್ಚಿನ ಶಾಲೆ'ಯೇ. ಒಳಗೆ ಹಾಗಿಲ್ಲ. ಕೆಲವು ಶಾಲೆಗಳನ್ನು ಊರಿನ ಚರ್ಚೇ ನಡೆಸುತ್ತದೆ. ಅಲ್ಲಿ ಚರ್ಚಿನ ಪ್ರಧಾನ ಗುರುಗಳೇ ಶಾಲೆಯ ಸಂಚಾಲಕರು. ಕೆಲವು ನೇರವಾಗಿ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ, ಶಿಕ್ಷಣ ಮಂಡಳಿಗೆ ಸೇರಿದವು. ಮಂಗಳೂರಿನಲ್ಲಿ ಕ್ಯಾಥೊಲಿಕ್ ಬೋರ್ಡ್ ಆಫ್ ಎಜುಕೇಶನ್ ಇದೆ, ಮೈಸೂರಿನಲ್ಲಿ ಡಯಾಸಿಸನ್ ಎಜುಕೇಶನಲ್ ಸೊಸೈಟಿ ಇದೆ. ಇನ್ನು ಕೆಲವು ಸನ್ಯಾಸ ಸಭೆಗಳ, ಅಂದರೆ ಫಾದರ್‌ಗಳ ಅಥವಾ ಸಿಸ್ಟರ್‌ಗಳ ಸಂಘಗಳ, ಶಾಲೆಗಳು. ಮಂಗಳೂರಿನ ಸಂತ ಅಲೋಶಿಯಸ್ 1880ರಿಂದ ಜೆಸ್ವಿಟರದು. ಹೆಣ್ಣುಮಕ್ಕಳಿಗಾಗಿ 1870ರಿಂದ ಮಂಗಳೂರಿನಲ್ಲಿ ಶಾಲೆ ಕಟ್ಟುತ್ತಾ ಬಂದವರು ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರ್‌ಗಳು. ಇಂಥ ಶಾಲೆಗಳಲ್ಲಿ ಮೇಲಿನ ಅಧಿಕಾರಿ ಬಿಷಪರಲ್ಲ, ಆ ಸಭೆಯ ಪ್ರೊವಿನ್ಶಿಯಲ್, ಅಂದರೆ ಸಭೆಯ ಪ್ರಾಂತೀಯ ಮುಖ್ಯಸ್ಥರು.

ಇದನ್ನು ತಿಳಿದುಕೊಂಡರೆ ಅಲೆದಾಟ ಅರ್ಧ ತಪ್ಪುತ್ತದೆ. ಸಿಸ್ಟರ್‌ಗಳ ಶಾಲೆಯ ಫೀಸಿನ ತಕರಾರು ಹಿಡಿದು ಬಿಷಪರ ಮನೆಗೆ ಹೋದರೆ 'ಅದು ಅವರ ಆಡಳಿತ' ಅನ್ನುವ ಉತ್ತರ ಸಿಗಬಹುದು. ಆದರೆ ಅಲ್ಲಿಗೇ ಕೈಬಿಡಬೇಕಾಗಿಲ್ಲ. 1983ರ ಚರ್ಚ್ ಕಾನೂನಿನ 806ನೇ ನಿಯಮದ ಪ್ರಕಾರ, ಸಭೆಗಳು ನಡೆಸುವ ಕಥೊಲಿಕ ಶಾಲೆಗಳನ್ನೂ ಸಂದರ್ಶಿಸುವ, ಅವುಗಳ ಮೇಲೆ ಕಣ್ಣಿಡುವ ಹಕ್ಕು ಬಿಷಪರಿಗಿದೆ. ದಿನದಿನದ ಆಡಳಿತ ಮಾತ್ರ ಸಭೆಯದು. ಹಾಗಾಗಿ ಪತ್ರ ಬರೆದರೆ ಮೊದಲು ಪ್ರೊವಿನ್ಶಿಯಲ್‌ಗೆ ಬರೆಯಿರಿ, ಒಂದು ಪ್ರತಿ ಧರ್ಮಪ್ರಾಂತ್ಯದ ಶಿಕ್ಷಣ ಕಚೇರಿಗೆ ಹಾಕಿ.

ಅದೇ ಚರ್ಚ್ ಕಾನೂನಿನ 796ನೇ ನಿಯಮ ಇನ್ನೂ ಚೆನ್ನಾಗಿದೆ. ಶಿಕ್ಷಕರು ಅಪ್ಪ ಅಮ್ಮಂದಿರ ಮಾತನ್ನು ಮನಸ್ಸಿಟ್ಟು ಕೇಳಬೇಕು, ಪೋಷಕರ ಸಂಘಗಳನ್ನು, ಸಭೆಗಳನ್ನು ಏರ್ಪಡಿಸಿ ಗೌರವದಿಂದ ಕಾಣಬೇಕು ಅಂತ ಅದು ಹೇಳುತ್ತದೆ. 'ನಮ್ಮ ಶಾಲೆಯಲ್ಲಿ ಪಿ.ಟಿ.ಎ. ಪದ್ಧತಿ ಇಲ್ಲ' ಅಂತ ಯಾರಾದರೂ ಹೇಳಿದರೆ, ಜಗಳವಾಡದೆ ಇದನ್ನು ನೆನಪಿಸಿ. ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ ಈ ಮಾತಿನ ತೂಕ ಗೊತ್ತು.

ಕ್ರೈಸ್ತರಲ್ಲದ ಮನೆಯವರು ಆಗಾಗ ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಕಥೊಲಿಕ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು ಬೇರೆ, ಉಳಿದವರಿಗೆ ಮಾರಲ್ ಸೈನ್ಸ್ ಬೇರೆ ಇರುತ್ತದೆ. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಇರುವ ಯಾವ ಶಾಲೆಯೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಒಪ್ಪಿಗೆ ಇದೆಯೋ ಇಲ್ಲವೋ ಅನ್ನುವುದನ್ನು ಜೂನ್‌ನಲ್ಲೇ ಒಂದು ಚೀಟಿ ಬರೆದು ತಿಳಿಸಿದರೆ ಮುಗಿಯಿತು.

ಪಾಠದಲ್ಲಿ ಹಿಂದೆ ಬಿದ್ದರೆ: ಡೈರಿ, ಟ್ಯೂಷನ್, ಆ್ಯಪ್

ಮಗು ಗಣಿತದಲ್ಲಿ ಹಿಂದೆ ಬಿತ್ತು ಅಂದ ಕೂಡಲೇ ನಾವು ಟ್ಯೂಷನ್ ಹುಡುಕುತ್ತೇವೆ. ಅದು ಕೊನೆಯ ದಾರಿಯಾಗಬೇಕು. ಮೊದಲ ದಾರಿ ಶಾಲೆಯ ಡೈರಿ, ಅದೂ ಸರಿಯಾಗಿ ಬರೆದರೆ. 'ಮಗಳು ಮ್ಯಾಥ್ಸ್‌ನಲ್ಲಿ ವೀಕ್, ದಯವಿಟ್ಟು ಗಮನ ಕೊಡಿ' ಅಂತ ಬರೆದರೆ ಐವತ್ತು ಮಕ್ಕಳ ಕ್ಲಾಸಿನ ಮಿಸ್ ಸಹಿ ಹಾಕಿ ವಾಪಸ್ ಕಳಿಸುತ್ತಾರೆ. ಅವರು ಬೇರೇನು ಮಾಡಲು ಸಾಧ್ಯ? ಹೀಗೆ ಬರೆದು ನೋಡಿ: 'ಮಿಸ್, ಗುಣಾಕಾರ ಬರುತ್ತದೆ. ಭಾಗಾಕಾರದಲ್ಲಿ ಶೇಷ ಉಳಿದರೆ ನಿಂತುಬಿಡುತ್ತಾಳೆ. ಮನೆಯಲ್ಲಿ ಯಾವ ಲೆಕ್ಕ ಮಾಡಿಸಲಿ?' ಇದಕ್ಕೆ ಉತ್ತರ ಬರುತ್ತದೆ. ಮಗು ಎಲ್ಲಿ ಎಡವುತ್ತಿದೆ ಅಂತ ಕಂಡುಹಿಡಿಯುವ ಕೆಲಸ ನೀವು ಮಾಡಿಕೊಟ್ಟಿದ್ದೀರಿ, ಅದಕ್ಕೇ.

ಉಚಿತವಾಗಿ ಸಿಗುವುದರಲ್ಲಿ ಸ್ಟೇಟ್ ಸಿಲಬಸ್ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ್ದು ದೀಕ್ಷಾ ಆ್ಯಪ್. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಅದೇ ಪಾಠದ ವಿಡಿಯೊ, ಅಭ್ಯಾಸ ತೆರೆದುಕೊಳ್ಳುತ್ತದೆ. ನಿಮ್ಮ ಮಗುವಿನ ಪುಸ್ತಕ, ಅದೇ ಅಧ್ಯಾಯ. ಹಾಗಾಗಿ 'ಇದು ನಮ್ಗಿಲ್ಲ' ಅನ್ನುವ ತಕರಾರು ಹುಟ್ಟುವುದಿಲ್ಲ. ಖಾನ್ ಅಕಾಡೆಮಿಯ ಬಲ ಬೇರೆ. ಮಗು ಏಳನೆಯ ಕ್ಲಾಸಿನಲ್ಲಿದ್ದು ನಾಲ್ಕನೆಯ ಕ್ಲಾಸಿನ ಭಿನ್ನರಾಶಿಯೇ ಗೊತ್ತಿಲ್ಲದಿದ್ದರೆ, ಯಾರ ಎದುರೂ ನಾಚಿಕೊಳ್ಳದೆ ಹಿಂದಕ್ಕೆ ಹೋಗಿ ಕಲಿಯಬಹುದು. ಅದರಲ್ಲಿ ಗಣಿತ ಕನ್ನಡದಲ್ಲೂ ಇದೆ. ಸಿ.ಬಿ.ಎಸ್.ಇ. ಮಕ್ಕಳಿಗೆ ಎನ್.ಸಿ.ಇ.ಆರ್.ಟಿ. ಪುಸ್ತಕಗಳೆಲ್ಲ ನೆಟ್ಟಿನಲ್ಲಿ ಉಚಿತ. ಹತ್ತನೆಯವರಿಗೆ ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು ಸಾಕು. ದುಡ್ಡು ಕೊಟ್ಟು ಗೈಡು ಕೊಳ್ಳುವ ಮೊದಲು ಅವನ್ನು ಬಿಡಿಸಲಿ.

ಕಾನ್ವೆಂಟ್ ಮಕ್ಕಳಿಗೆ ಒಂದು ಕೊರತೆ ನಾನು ಮತ್ತೆ ಮತ್ತೆ ನೋಡುತ್ತೇನೆ. ಇಂಗ್ಲಿಷ್ ಸರಾಗ, ಕನ್ನಡ ಓದು ತಡವರಿಕೆ. ಇದಕ್ಕೆ ಟ್ಯೂಷನ್ ಬೇಡವೇ ಬೇಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿ ಸಿಗುತ್ತವೆ, ಪುಕ್ಕಟೆ. ರಾತ್ರಿ ಊಟವಾದ ಮೇಲೆ ಒಂದು ಕಥೆ, ಜೋರಾಗಿ ಓದಿಸಿ. ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ಭಾಷೆಗೇ 125 ಅಂಕ. ಕನ್ನಡವನ್ನು ಮೊದಲ ಭಾಷೆಯಾಗಿ ತೆಗೆದುಕೊಂಡ ಮಗುವಿಗೆ ಇದು ಚಿಕ್ಕ ವಿಷಯವಲ್ಲ.

ಹಾಗಾದರೆ ಟ್ಯೂಷನ್ ಯಾವಾಗ? ಡೈರಿ, ಆ್ಯಪ್, ಮನೆಯ ಅಭ್ಯಾಸ ಮೂರನ್ನೂ ಒಂದು ಟೆಸ್ಟಿನಿಂದ ಇನ್ನೊಂದು ಟೆಸ್ಟಿನವರೆಗೆ ಮಾಡಿದ ಮೇಲೂ ಬದಲಾವಣೆ ಕಾಣದಿದ್ದರೆ. ಮಗುವಿನ ಕ್ಲಾಸ್ ಟೀಚರ್ ಹತ್ತಿರವೇ ಟ್ಯೂಷನ್ ಹಾಕಬೇಡಿ. ಕ್ಲಾಸಿನಲ್ಲಿ ಹೇಳದ್ದು ಟ್ಯೂಷನ್‌ನಲ್ಲಿ ಸಿಗುವ ಪರಿಸ್ಥಿತಿ ಯಾವ ಮಗುವಿಗೂ ಒಳ್ಳೆಯದಲ್ಲ.

ಇನ್ನೊಂದು ಬಗೆಯ ಹಿಂದುಳಿಯುವಿಕೆ ಇದೆ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತದೆ, ಬರೆಯಲು ಕೂತರೆ ಅಕ್ಷರ ಹಿಂದು ಮುಂದು. ಇದು ಸೋಮಾರಿತನ ಅಲ್ಲದೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ತೊಂದರೆಗಳಲ್ಲಿ ಕಲಿಕೆಯ ನ್ಯೂನತೆಯೂ ಒಂದು. ಇಲ್ಲಿ ಆ್ಯಪ್, ಟ್ಯೂಷನ್ ಯಾವುದೂ ಕೆಲಸಕ್ಕೆ ಬರುವುದಿಲ್ಲ, ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನವರಿಗೆ ನಿಮ್ಹಾನ್ಸ್, ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ಕರಾವಳಿಯವರಿಗೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಹತ್ತಿರ. ಸರಿಯಾದ ಪ್ರಮಾಣಪತ್ರ ಇದ್ದರೆ ಹತ್ತನೆಯ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ವಿನಾಯಿತಿ ಕೇಳಬಹುದು. ಒಂಬತ್ತನೆಯ ಕ್ಲಾಸಿನವರೆಗೆ ಕಾಯಬೇಡಿ. ಮೂರನೆಯ ಕ್ಲಾಸಿನಲ್ಲಿ ಅನುಮಾನ ಬಂದರೆ ಮೂರರಲ್ಲೇ ತೋರಿಸಿ.

ಹಣದ ವಿಷಯ

ಇಲ್ಲಿ ಶಾಲೆ ಅನುದಾನಿತವೋ ಅನುದಾನರಹಿತವೋ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಂದೇ ಕಾಂಪೌಂಡಿನಲ್ಲಿ ಎರಡೂ ಇರುವ ಕಾನ್ವೆಂಟ್‌ಗಳಿವೆ. ಕನ್ನಡ ಮಾಧ್ಯಮಕ್ಕೆ ಅನುದಾನ ಇರುತ್ತದೆ, ಪಕ್ಕದ ಇಂಗ್ಲಿಷ್ ಮಾಧ್ಯಮಕ್ಕೆ ಇರುವುದಿಲ್ಲ. ಅನುದಾನಿತ ವಿಭಾಗದಲ್ಲಿ ಬಿಸಿಯೂಟ, ಉಚಿತ ಪಠ್ಯಪುಸ್ತಕ ಸಿಗುತ್ತದೆ. ಜೊತೆಗೆ ಎಂಟನೆಯ ಕ್ಲಾಸಿನಲ್ಲಿ ಎನ್.ಎಂ.ಎಂ.ಎಸ್. ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಬಹುದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. ಅನುದಾನ ಇಲ್ಲದ ಶಾಲೆಯ ಮಕ್ಕಳಿಗೆ ಇದು ಇಲ್ಲ. ಅವರು ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ ನೋಡಬೇಕು, ಇಲ್ಲವೇ ಶಾಲೆಯಲ್ಲೇ ಕೇಳಬೇಕು. ಕೇಳಲು ನಾಚಿಕೆ ಬೇಡ. ಬಡ ಮಕ್ಕಳ ಫೀಸನ್ನು ಸದ್ದಿಲ್ಲದೆ ಕಡಿಮೆ ಮಾಡುವ ಸಿಸ್ಟರ್‌ಗಳು, ಹಳೆ ವಿದ್ಯಾರ್ಥಿಗಳ ಸಂಘಗಳು ಇದ್ದಾರೆ, ಆದರೆ ಅದನ್ನು ನೋಟಿಸ್ ಬೋರ್ಡಿನಲ್ಲಿ ಹಾಕುವುದಿಲ್ಲ.

ಆರ್.ಟಿ.ಇ. (ಶಿಕ್ಷಣ ಹಕ್ಕು ಕಾಯ್ದೆ) ಸೀಟು, ಅಂದರೆ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇಕಡಾ 25ರ ಸೀಟು, ಕೇಳಿಕೊಂಡು ಹೋಗುವವರಿಗೆ ಒಂದು ಮಾತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಅಲ್ಪಸಂಖ್ಯಾತರ ಶಾಲೆಗಳಿಗೆ ಆರ್.ಟಿ.ಇ. ಕಾಯ್ದೆ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೀಠ ಈ ತೀರ್ಪಿನ ಬಗ್ಗೆ ಅನುಮಾನ ಎತ್ತಿ, ದೊಡ್ಡ ಪೀಠ ನೋಡಲಿ ಅಂತ ಕಳಿಸಿದೆ. ಅದು ಬದಲಾಗುವವರೆಗೆ ಕಾನ್ವೆಂಟಿನಲ್ಲಿ ಆ ಶೇಕಡಾ 25ರ ಸೀಟಿನ ಮೇಲೆ ಹಕ್ಕು ಕೇಳಲು ಬರುವುದಿಲ್ಲ.

ಹೊಡೆದರೆ, ಹೀಯಾಳಿಸಿದರೆ

ಇದು ನಡುವಿನ ಜಾಗ, ಕಷ್ಟದ ಜಾಗ. 'ನಾವೂ ಏಟು ತಿಂದೇ ದೊಡ್ಡವರಾಗಿದ್ದು' ಅನ್ನುವ ಅಜ್ಜ ಅಜ್ಜಿ ಮನೆಯಲ್ಲೇ ಇರುತ್ತಾರೆ. ಶಾಲೆಯವರು 'ಆರ್.ಟಿ.ಇ. ನಮಗೆ ಬರೋದಿಲ್ಲ' ಅಂತಾರೆ. ಅದು ನಿಜವೇ ಇರಬಹುದು, ಆದರೆ ಹೊಡೆಯಲು ಅದರಿಂದ ಪರವಾನಗಿ ಸಿಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಗುವನ್ನು ನೋಡಿಕೊಳ್ಳುವ ಹೊಣೆ ಹೊತ್ತವರೇ ಹಿಂಸೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಮಗುವಿನ ಆರೈಕೆ, ರಕ್ಷಣೆ ವಹಿಸಿಕೊಂಡ ಸಂಸ್ಥೆಯ ಸಿಬ್ಬಂದಿಯಾದರೆ ಐದು ವರ್ಷ, ಐದು ಲಕ್ಷದವರೆಗೆ ದಂಡ. ಈ ಕಾಯ್ದೆಗೆ ಅಲ್ಪಸಂಖ್ಯಾತ ಶಾಲೆ, ಬಹುಸಂಖ್ಯಾತ ಶಾಲೆ ಅನ್ನುವ ಭೇದ ಇಲ್ಲ.

ಆದರೂ ಎಲ್ಲದಕ್ಕೂ ಠಾಣೆಗೆ ಓಡುವುದು ನನಗೆ ಸರಿ ಕಾಣುವುದಿಲ್ಲ. ಕ್ಲಾಸಿನಲ್ಲಿ ಎಲ್ಲರೆದುರು 'ದಡ್ಡ' ಅಂದರು, ಬೆಂಚಿನ ಮೇಲೆ ನಿಲ್ಲಿಸಿದರು ಅಂದರೆ ಮೊದಲು ಹೆಡ್ ಮಿಸ್ ಹತ್ತಿರ ಕೂತು ಮಾತಾಡಿ. ಬಂದ ಮೇಲೆ ಆಡಿದ ಮಾತನ್ನೇ ಇಮೇಲ್ ಮಾಡಿ: ಇಂಥ ದಿನ ಹೀಗಾಯಿತು, ಇವತ್ತು ನಿಮ್ಮೊಂದಿಗೆ ಮಾತಾಡಿದೆವು, ಹೀಗೆ ಸರಿಪಡಿಸುತ್ತೇವೆ ಅಂದಿರಿ, ವಂದನೆ. ಇಷ್ಟೇ ಸಾಕು. ಬಾಯಿಮಾತು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಅದೇ ಮತ್ತೆ ನಡೆದರೆ ಸಂಚಾಲಕರಿಗೆ, ಆಮೇಲೆ ಬಿ.ಇ.ಓ. ಕಚೇರಿಗೆ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು. ಬಿ.ಇ.ಓ. ಹತ್ತಿರದವರು, ಶಾಲೆಗೆ ಬಂದು ನೋಡಬಲ್ಲರು, ಆದರೆ ಕಾನ್ವೆಂಟ್ ಆಡಳಿತದ ಮೇಲೆ ಅವರ ಹಿಡಿತ ಕಡಿಮೆ. ಆಯೋಗ ದೂರ, ನಿಧಾನ. ಆದರೆ ಶಾಲೆಯನ್ನು ಕರೆಸಿ ವಿಚಾರಿಸುವ ಅಧಿಕಾರ ಅದಕ್ಕಿದೆ. ಶಿಕ್ಷೆ ಕೊಡುವ ಅಧಿಕಾರ ಮಾತ್ರ ಇಲ್ಲ, ಶಿಫಾರಸು ಮಾಡುತ್ತದೆ. ಮೈಮೇಲೆ ಬಾಸುಂಡೆ, ಗಾಯ ಇದ್ದರೆ ಈ ಮೆಟ್ಟಿಲುಗಳೆಲ್ಲ ಬೇಡ. ಆಸ್ಪತ್ರೆಗೆ ತೋರಿಸಿ, ಚೀಟಿ ತೆಗೆದುಕೊಳ್ಳಿ, 1098ಕ್ಕೆ ಫೋನ್ ಮಾಡಿ.

ಮಗುವನ್ನು ಯಾರಾದರೂ ಕೆಟ್ಟದಾಗಿ ಮುಟ್ಟಿದರೆ

ಇದನ್ನು ಸಮಾಧಾನದಿಂದ ಓದಿ. ಇಲ್ಲಿ ಆಯ್ಕೆ ತಪ್ಪಬಾರದು.

ಮಗು 'ಆ ಸರ್ ನಂಗಿಷ್ಟ ಇಲ್ಲ' ಅಂದು ನಿಲ್ಲಿಸಬಹುದು. ಆಗ ಪ್ರಶ್ನೆಗಳ ಮಳೆ ಸುರಿಸಬೇಡಿ. 'ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ಇದ್ರಲ್ಲಿ ನಿನ್ ತಪ್ಪಿಲ್ಲ' ಅನ್ನಿ. ಅದು ಹೇಳಿದಷ್ಟನ್ನು ಅದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. 'ಎಲ್ಲಿ ಮುಟ್ಟಿದ್ರು, ಹೀಗಾ?' ಅಂತ ನೀವೇ ಮಾತು ಬಾಯಿಗಿಡಬೇಡಿ, ಮುಂದೆ ಕೋರ್ಟಿನಲ್ಲಿ ಅದೇ ತೊಡಕಾಗುತ್ತದೆ. ಅವತ್ತಿನ ಬಟ್ಟೆ ಒಗೆಯಬೇಡಿ. ಆ ವ್ಯಕ್ತಿಗೆ ಫೋನ್ ಮಾಡಿ ಬೈಯಬೇಡಿ, ಸಾಕ್ಷ್ಯ ಅಳಿಸಲು ಅವನಿಗೆ ಸಮಯ ಕೊಟ್ಟಂತಾಗುತ್ತದೆ.

ಈಗ ದಾರಿಗಳು. ಅಪಾಯ ಈಗಲೇ ಇದೆ, ಆ ಮನುಷ್ಯ ಹತ್ತಿರದಲ್ಲೇ ಇದ್ದಾನೆ ಅಂದರೆ 112. ಪೊಲೀಸ್ ಬರುತ್ತಾರೆ. ಏನು ಮಾಡಬೇಕು ಅಂತ ತೋಚದೆ ಕೂತಿದ್ದರೆ 1098. ಇದು 1996ರಲ್ಲಿ ಮುಂಬೈನಲ್ಲಿ ಶುರುವಾದ ಮಕ್ಕಳ ಸಹಾಯವಾಣಿ. 2023ರಿಂದ ಸರ್ಕಾರವೇ ನಡೆಸುತ್ತಿದೆ, 112ರ ಜೊತೆ ಜೋಡಿಸಿದೆ. ಹಗಲು ರಾತ್ರಿ ಇರುತ್ತದೆ, ಉಚಿತ. ಮಗುವೇ ಬೇಕಾದರೂ ಮಾಡಬಹುದು. ನೇರವಾಗಿ ಠಾಣೆಗೂ ಹೋಗಬಹುದು, ಶಾಲೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿದ್ದರೂ ದೂರು ತೆಗೆದುಕೊಳ್ಳಲೇಬೇಕು. ಕೇಂದ್ರದ ಮಕ್ಕಳ ಹಕ್ಕುಗಳ ಆಯೋಗದ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ) ಇ-ಬಾಕ್ಸ್ 2016ರಿಂದ ಇದೆ, ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಬಾಯಿ ಬಿಟ್ಟು ಹೇಳಲಾಗದವರಿಗೆ ಅದು ಒಳ್ಳೆಯದು, ತುರ್ತಿಗಲ್ಲ. ನಾಲ್ಕರಲ್ಲಿ ಒಂದನ್ನು ಆರಿಸು ಅಂದರೆ ನಾನು ಹೇಳುವುದು 1098. ಪೊಲೀಸ್, ಆಸ್ಪತ್ರೆ, ಮಕ್ಕಳ ಕಲ್ಯಾಣ ಸಮಿತಿ, ಎಲ್ಲರಿಗೂ ದಾರಿ ತೋರಿಸುವವರು ಅವರೇ.

ಠಾಣೆ ಅಂದರೆ ಹೆದರುವವರಿಗೆ 2012ರ ಪೋಕ್ಸೊ ಕಾಯ್ದೆಯಲ್ಲಿ ಏನಿದೆ ಅಂತ ಗೊತ್ತಿದ್ದರೆ ಧೈರ್ಯ ಬರುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ತೆಗೆದುಕೊಳ್ಳಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬಹುದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಒಳ್ಳೆಯ ಉದ್ದೇಶದಿಂದ ದೂರು ಕೊಟ್ಟವರ ಮೇಲೆ ಕೇಸು ಹಾಕಲು ಬರುವುದಿಲ್ಲ.

ಶಾಲೆಯವರಿಗೆ ಹೇಳಬೇಕೇ? ಹೇಳಿ, ಆದರೆ ದೂರು ಕೊಟ್ಟ ಮೇಲೆ. 'ನಾವೇ ವಿಚಾರಣೆ ಮಾಡ್ತೀವಿ, ಸ್ವಲ್ಪ ದಿನ ಸುಮ್ನಿರಿ' ಅನ್ನುವ ಮಾತು ಬಂದರೆ ಒಪ್ಪಬೇಡಿ. ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಅಂತ 19ನೇ ಸೆಕ್ಷನ್ ಹೇಳುತ್ತದೆ. ಮುಚ್ಚಿಟ್ಟರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಶಾಲೆಯ ಹೆಸರಿಗಾಗಿ ಮುಚ್ಚಿಡುವುದು ಅಪರಾಧ ಅಂತ ಶಾಲೆಯವರಿಗೂ ನೇರವಾಗಿ ಹೇಳಿ.

ಹಾಗಾದರೆ ಚರ್ಚಿನ ದಾರಿ? ತಪ್ಪು ಮಾಡಿದವರು ಫಾದರ್, ಬ್ರದರ್, ಸಿಸ್ಟರ್ ಆಗಿದ್ದರೆ ಅದೂ ಇದೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ 2023ರಲ್ಲಿ ಕಾಯಂ ಮಾಡಿದ ಶಾಸನದ ಪ್ರಕಾರ, ಜನರಿಗೆ ಸುಲಭವಾಗಿ ಸಿಗುವಂತೆ ದೂರು ತೆಗೆದುಕೊಳ್ಳುವ ವ್ಯವಸ್ಥೆ ಧರ್ಮಪ್ರಾಂತ್ಯಗಳಲ್ಲಿ ಇರಬೇಕು. ವಿಷಯ ತಿಳಿದ ಗುರುಗಳು, ಸನ್ಯಾಸಿಗಳು ತಡಮಾಡದೆ ವರದಿ ಮಾಡಬೇಕು. ದೂರು ಕೊಟ್ಟವರ ಬಾಯಿ ಮುಚ್ಚಿಸುವಂತಿಲ್ಲ ಅಂತಲೂ ಅದರಲ್ಲಿದೆ. ದೇಶದ ಕಾನೂನು ಪಾಲಿಸುವ ಹೊಣೆಯನ್ನು ಅದು ಕಡಿಮೆ ಮಾಡಿಲ್ಲ. ಒಬ್ಬ ಗುರುವನ್ನು ಸೇವೆಯಿಂದ ದೂರ ಇಡಲು ಚರ್ಚಿನ ವಿಚಾರಣೆ ಬೇಕು. ಮಗುವಿಗೆ ನ್ಯಾಯ ಸಿಗಲು ಪೊಲೀಸ್ ಮತ್ತು ಕೋರ್ಟ್ ಬೇಕು. ಮೊದಲನೆಯದು ಎರಡನೆಯದರ ಬದಲಿಗೆ ಆಗಲಾರದು. ಭಕ್ತಿಯುಳ್ಳ ಕುಟುಂಬಗಳಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಗುರುಗಳ ಮೇಲೆ ದೂರು ಕೊಟ್ಟರೆ ದೇವರ ಮೇಲೇ ದೂರು ಕೊಟ್ಟಂತೆ ಅನ್ನಿಸುವವರಿದ್ದಾರೆ. ಹಾಗಲ್ಲ. ಮಗುವಿನ ಪರ ನಿಂತವರು ಚರ್ಚಿನ ವಿರೋಧಿಗಳಾಗುವುದಿಲ್ಲ. ಇನ್ನು ತಪ್ಪು ಮಾಡಿದವನು ಪಿ.ಟಿ. ಮಾಸ್ತರೋ ಬಸ್ಸಿನ ಕ್ಲೀನರೋ ಆಗಿದ್ದರೆ ಆ ಶಾಸನದ ಮಾತೇ ಬರುವುದಿಲ್ಲ, ಪೊಲೀಸ್ ದಾರಿಯೇ ದಾರಿ.

ಎಲ್ಲಕ್ಕಿಂತ ಕೆಟ್ಟ ಆಯ್ಕೆ ಪೋಷಕರ ವಾಟ್ಸ್‌ಆ್ಯಪ್ ಗ್ರೂಪ್. ಹೆಸರು, ಫೋಟೊ, 'ನಾಲ್ಕನೇ ಬಿ ಸೆಕ್ಷನ್ ಹುಡುಗಿ' ಅನ್ನುವಷ್ಟು ಹೇಳಿದರೂ ಮಗುವಿನ ಗುರುತು ಸಿಕ್ಕಿಬಿಡುತ್ತದೆ. ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನು ಹಾಗಿರಲಿ, ಆ ಮಗು ನಾಳೆ ಅದೇ ಕಾರಿಡಾರಿನಲ್ಲಿ ನಡೆಯಬೇಕು.

ಮಗು ಮಂಕಾಗಿದ್ದರೆ

ಈಗ ಹಲವು ಕಾನ್ವೆಂಟ್‌ಗಳಲ್ಲಿ ಕೌನ್ಸೆಲರ್ ಇದ್ದಾರೆ. ಸ್ನೇಹಿತರ ಜಗಳ, ಪರೀಕ್ಷೆಯ ಭಯ, ಹೊಸ ಶಾಲೆಗೆ ಹೊಂದಿಕೊಳ್ಳುವ ಕಷ್ಟಕ್ಕೆ ಅವರೇ ಸರಿ. ದಿನಾ ಕಣ್ಣೆದುರು ಇರುತ್ತಾರೆ, ಕ್ಲಾಸ್ ಟೀಚರ್ ಜೊತೆ ಮಾತಾಡಬಲ್ಲರು. ಒಂದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ: ಮಗು ಹೇಳಿದ್ದನ್ನು ಪ್ರಿನ್ಸಿಪಾಲರಿಗೆ ಎಷ್ಟು ಹೇಳುತ್ತೀರಿ? ತೊಂದರೆ ಶಾಲೆಯವರಿಂದಲೇ ಬಂದಿದ್ದರೆ ಅಥವಾ ಮಗು ಸಾಯುವ ಮಾತಾಡಿದರೆ ಹೊರಗಿನ ಸಹಾಯ ಬೇಕು. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಉಚಿತ. ಹತ್ತನೆಯ ಫಲಿತಾಂಶದ ವಾರ ಈ ನಂಬರನ್ನು ಮನೆಯ ಎಲ್ಲರ ಫೋನಿನಲ್ಲೂ ಸೇವ್ ಮಾಡಿಡಿ.

ಫೋನು

ಚಿಕ್ಕ ಮಕ್ಕಳಿಗೆ ಬೀಗ ಕೆಲಸ ಮಾಡುತ್ತದೆ, ದೊಡ್ಡವರಿಗೆ ಮಾತು. ಆಂಡ್ರಾಯ್ಡ್ ಫೋನಿಗೆ ಗೂಗಲ್ ಫ್ಯಾಮಿಲಿ ಲಿಂಕ್, ಐಫೋನಿಗೆ ಸ್ಕ್ರೀನ್ ಟೈಮ್. ಎರಡೂ ಉಚಿತ, ಸಮಯ ಮಿತಿ ಹಾಕಬಹುದು, ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕು ಅಂತ ಇಡಬಹುದು. ದುಡ್ಡು ಕೊಟ್ಟು ಮಗುವಿನ ಮೆಸೇಜ್‌ಗಳನ್ನೆಲ್ಲ ಕದ್ದು ಓದುವ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಹದಿಮೂರರ ಮಗುವಿಗೆ ಅದು ಗೊತ್ತಾದ ದಿನವೇ ಅದು ನಿಮ್ಮ ಹತ್ತಿರ ಹೇಳಿಕೊಳ್ಳುವುದನ್ನು ನಿಲ್ಲಿಸುತ್ತದೆ.

ತೊಂದರೆ ಆಗಿಹೋದ ಮೇಲೆ ನಂಬರು ಕಲಸಿಕೊಳ್ಳಬೇಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930, ಅದೂ ಕೂಡಲೇ. ಫೋಟೊ ಹಾಕುತ್ತೇನೆ ಅಂತ ಬೆದರಿಕೆ ಬಂದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್. ಮಕ್ಕಳ ಅಶ್ಲೀಲ ಚಿತ್ರದ ಬಗ್ಗೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಅದನ್ನು ನೋಡಿ ತಡೆಯುತ್ತವೆ. ಬೆದರಿಸುವವನಿಗೆ ದುಡ್ಡು ಕೊಡಬೇಡಿ. ಚಾಟ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ.

ಬಸ್ಸು, ಪಿಕ್ನಿಕ್ಕು, ಮತ್ತು ಜೂನ್ ತಿಂಗಳ ಮೀಟಿಂಗು

ಶಾಲೆಯದೇ ಬಸ್ಸೋ, ಓಣಿಯ ವ್ಯಾನೋ? ದುಡ್ಡಿನ ವ್ಯತ್ಯಾಸ ಇದ್ದರೂ ಬಸ್ಸೇ ವಾಸಿ, ಯಾಕೆಂದರೆ ಕೇಳಲು ಒಬ್ಬರು ಸಿಗುತ್ತಾರೆ. ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದ ನಿಯಮಗಳನ್ನು ನೀವೇ ಬಾಗಿಲಲ್ಲಿ ನಿಂತು ನೋಡಬಹುದು: ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್, ಬಾಗಿಲಿಗೆ ಚಿಲಕ, ಶಾಲೆಯ ಹೆಸರು ಮತ್ತು ಫೋನ್ ನಂಬರ್, ಮಕ್ಕಳನ್ನು ಇಳಿಸಲು ಒಬ್ಬ ಸಹಾಯಕ. ವ್ಯಾನೇ ಗತಿಯಾದರೆ ಆ ದಾರಿಯ ಮನೆಗಳವರೆಲ್ಲ ಸೇರಿ ಡ್ರೈವರನ ಲೈಸೆನ್ಸ್ ಪ್ರತಿ ತೆಗೆದಿಟ್ಟುಕೊಳ್ಳಿ, ಮಕ್ಕಳನ್ನು ಎಷ್ಟು ಹತ್ತಿಸುತ್ತಾನೆ ಅಂತ ಎಣಿಸಿ.

ಜೂನ್‌ನ ಮೊದಲ ಪೋಷಕರ ಸಭೆಯಲ್ಲಿ ಯೂನಿಫಾರ್ಮು, ಫೀಸಿನ ಕಂತು ಎಲ್ಲ ಮುಗಿದ ಮೇಲೆ 'ಎನಿ ಡೌಟ್ಸ್?' ಅಂತ ಕೇಳುತ್ತಾರಲ್ಲ, ಆಗ ಎದ್ದು ನಿಲ್ಲಿ. ನಮ್ಮ ಶಾಲೆಯ ಮಕ್ಕಳ ರಕ್ಷಣಾ ನೀತಿ ಬರವಣಿಗೆಯಲ್ಲಿ ಇದೆಯಾ, ಪ್ರತಿ ಸಿಗುತ್ತದಾ? ಕರ್ನಾಟಕ ಸರ್ಕಾರ 2016ರಲ್ಲೇ ಇಂಥ ನೀತಿ ತಂದಿದೆ, ಶಾಲೆಗಳೂ ಅದರೊಳಗೆ ಬರುತ್ತವೆ. ಮಕ್ಕಳು ದೂರು ಹೇಳಬೇಕಾದ ಟೀಚರ್ ಯಾರು, ಅವರ ಹೆಸರು ಮಕ್ಕಳಿಗೆ ಗೊತ್ತಿದೆಯಾ? ಹೊರಗಿನಿಂದ ಬರುವ ಡ್ಯಾನ್ಸ್ ಮಾಸ್ತರು, ಕೋಚ್, ಡ್ರೈವರುಗಳ ಪೊಲೀಸ್ ವೆರಿಫಿಕೇಶನ್ ಆಗಿದೆಯಾ? ರಿಟ್ರೀಟ್, ಕ್ಯಾಂಪು, ಪಿಕ್ನಿಕ್ಕಿಗೆ ರಾತ್ರಿ ಉಳಿಯುವುದಾದರೆ ಮಕ್ಕಳು ಎಲ್ಲಿ ಮಲಗುತ್ತಾರೆ, ದೊಡ್ಡವರು ಎಲ್ಲಿ ಮಲಗುತ್ತಾರೆ, ಹೆಣ್ಣುಮಕ್ಕಳ ಜೊತೆ ಎಷ್ಟು ಜನ ಟೀಚರ್‌ಗಳು ಹೋಗುತ್ತಾರೆ? ಕಥೊಲಿಕ ಮನೆಯವರು ಇದೇ ಪ್ರಶ್ನೆಗಳನ್ನು ಭಾನುವಾರದ ಧರ್ಮೋಪದೇಶ, ಗಾಯನ ಮಂಡಳಿ, ಪೀಠ ಸೇವಕರ ಪ್ರವಾಸದ ಬಗ್ಗೆ ಚರ್ಚಿನಲ್ಲೂ ಕೇಳಿ. ಮೊದಲ ಸಲ ಕೇಳಿದಾಗ ಹಾಲ್ ಗಪ್‌ಚಿಪ್ ಆಗಬಹುದು. ಕೂತುಬಿಡಬೇಡಿ. ಹಿಂದಿನ ಸಾಲಿನಿಂದ 'ಹೌದು ಫಾದರ್, ನಮಗೂ ಗೊತ್ತಾಗಬೇಕು' ಅನ್ನುವವರು ಒಬ್ಬರಾದರೂ ಇರುತ್ತಾರೆ. ಉತ್ತರಗಳನ್ನು ಅಲ್ಲೇ ಬರೆದುಕೊಂಡು, ಸಭೆಯ ನಡಾವಳಿಯಲ್ಲಿ ಸೇರಿಸಿ ಅಂತ ಕೇಳಿ.